ತಕ್ಕಡಿ ಏರುವ ಮುನ್ನ: ಹಳೆಯ ಚಿತ್ರಕಥೆಗಳ ಸಂಗ್ರಹ

ಪರೀಕ್ಷೆ ಮುಗಿದ ಮಾರನೆಯ ವಾರ ನಮ್ಮ ಊರುಗಳಲ್ಲಿ ಹಳೆ ಪೇಪರ್ ಕೊಳ್ಳುವವರಿಗೆ ಬಿಡುವೇ ಇರುವುದಿಲ್ಲ. ಮುಗಿದ ತರಗತಿಯ ನೋಟ್ ಪುಸ್ತಕಗಳು, ಗೈಡುಗಳು, ವರ್ಷದ ದಿನಪತ್ರಿಕೆಗಳು ಎಲ್ಲವೂ ಒಟ್ಟಾಗಿ ತಕ್ಕಡಿ ಏರುತ್ತವೆ. ಅಟ್ಟದಿಂದ ಇಳಿಸಿದ ಗಂಟಿನಲ್ಲಿ ಅಪ್ಪನೋ ಚಿಕ್ಕಪ್ಪನೋ ಸೋದರಮಾವನೋ ಚಿಕ್ಕವರಿದ್ದಾಗ ಓದಿದ ಹತ್ತಿಪ್ಪತ್ತು ಚಿತ್ರಕಥೆಗಳೂ ಇರುವುದುಂಟು. ಮುಖಪುಟ ಮಾಸಿದೆ, ಹಾಳೆ ಹಳದಿಯಾಗಿದೆ, ಪಿನ್ನು ತುಕ್ಕು ಹಿಡಿದಿದೆ. ‘ಇನ್ನು ಇದನ್ನು ಯಾರು ಓದುತ್ತಾರೆ?’ ಎಂದು ಅದನ್ನೂ ತೂಕಕ್ಕೆ ಹಾಕುತ್ತೇವೆ. ತಕ್ಕಡಿಗೆ ಮೊನ್ನೆಯ ಪೇಪರೂ ಒಂದೇ, ಐವತ್ತು ವರ್ಷದ ಹಿಂದಿನ ಪುಸ್ತಕವೂ ಒಂದೇ.

ಅಂಚೆ ಚೀಟಿ ಸಂಗ್ರಹ, ನಾಣ್ಯ ಸಂಗ್ರಹ ಎಲ್ಲರಿಗೂ ಗೊತ್ತಿರುವ ಹವ್ಯಾಸಗಳು. ಹಳೆಯ ಚಿತ್ರಕಥೆಗಳ ಸಂಗ್ರಹವೂ ಅವುಗಳಿಗೆ ಸಮನಾದ ಹವ್ಯಾಸ. ಇದರಲ್ಲಿ ಕಥೆಯಿದೆ, ಚಿತ್ರಕಲೆಯಿದೆ, ಇತಿಹಾಸವಿದೆ. ನಮ್ಮ ಪಾಲಿಗೆ ಸಾಕಷ್ಟು ರಸಾಯನಶಾಸ್ತ್ರವೂ ಇದೆ. ಅದನ್ನು ಹೇಗೆ ಆರಂಭಿಸಬೇಕು, ಏಕೆ ಆರಂಭಿಸಬೇಕು ಎಂಬುದನ್ನು ಈ ವಾರ ನೋಡೋಣ.

ಯಾವ ಪುಸ್ತಕಗಳು ಇವು?

ಇಂದಿನ ಮಕ್ಕಳ ತಂದೆತಾಯಿಯರು, ಅಜ್ಜ ಅಜ್ಜಿಯರು ಓದಿ ಬೆಳೆದ ಚಿತ್ರಕಥೆಗಳಲ್ಲಿ ಎರಡು ಮಾಲೆಗಳು ಮುಖ್ಯವಾದವು. ಮೊದಲನೆಯದು ‘ಇಂದ್ರಜಾಲ ಕಾಮಿಕ್ಸ್’. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಲ್ಲಿ ಆರಂಭಿಸಿದ ಈ ಮಾಲೆ 1990ರಲ್ಲಿ ನಿಂತಿತು. ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಮತ್ತು ಜಾದೂಗಾರ ಮ್ಯಾಂಡ್ರೇಕ್ ನಮ್ಮ ಮಕ್ಕಳಿಗೆ ಪರಿಚಯವಾದದ್ದು ಹೆಚ್ಚಾಗಿ ಇದರಿಂದಲೇ. ಇಂಗ್ಲಿಷ್, ಹಿಂದಿಗಳಲ್ಲದೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಇಂದ್ರಜಾಲ ಬರುತ್ತಿತ್ತು. 1976ರಲ್ಲಿ ಅಬೀದ್ ಸುರ್ತಿಯವರ ‘ಬಹಾದ್ದೂರ್’ ಇದೇ ಮಾಲೆಯಲ್ಲಿ ಕಾಣಿಸಿಕೊಂಡಿತು.

ಎರಡನೆಯದು ‘ಅಮರ ಚಿತ್ರ ಕಥೆ’. ಇದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. ಓದಿದ್ದು ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ರಾಸಾಯನಿಕ ತಂತ್ರಜ್ಞಾನ. ಹೆಸರಾದದ್ದು ಮಕ್ಕಳ ‘ಅಂಕಲ್ ಪೈ’ ಎಂದು. ಇಂದ್ರಜಾಲ ಕಾಮಿಕ್ಸ್‌ನ ಆರಂಭದಲ್ಲಿಯೂ ಅವರ ಕೈ ಇತ್ತು. 1980ರಲ್ಲಿ ಅವರು ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆಯನ್ನೂ ಹೊರತಂದರು. 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಬಸವೇಶ್ವರ, ಕೃಷ್ಣದೇವರಾಯ, ರಾಣಿ ಅಬ್ಬಕ್ಕ, ಟಿಪ್ಪು ಸುಲ್ತಾನ್ ಇವರೆಲ್ಲರ ಕಥೆಗಳೂ, ವಿಜ್ಞಾನಿ ಜಗದೀಶಚಂದ್ರ ಬೋಸರ ಕಥೆಯೂ ಈ ಮಾಲೆಯಲ್ಲಿ ಚಿತ್ರರೂಪದಲ್ಲಿ ಬಂದಿವೆ.

‘ಚಂದಮಾಮ’ವನ್ನೂ ಇವುಗಳ ಜೊತೆಗೆ ಇಡಬಹುದು. ಅದು ಪೂರ್ತಿ ಚಿತ್ರಕಥೆಯಲ್ಲ. ಕಥೆಗೆ ಚಿತ್ರ ಬರೆಸಿದ ಮಾಸಪತ್ರಿಕೆ. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೆ ಬಂತು. ಎಂ.ಟಿ.ವಿ. ಆಚಾರ್ಯರು ಅದಕ್ಕೆ ಬರೆದ ಮಹಾಭಾರತದ ಚಿತ್ರಗಳನ್ನು ಹಿರಿಯ ಓದುಗರು ಇಂದಿಗೂ ನೆನೆಯುತ್ತಾರೆ. ಚಂದಮಾಮವೂ ಈಗ ನಿಂತುಹೋಗಿದೆ.

ಒಂದು ಪ್ರತಿಗಾಗಿ ಕಾದಿರುವ ಪ್ರಶ್ನೆ

ಹಳೆಯ ಪುಸ್ತಕ ಉಳಿದರೆ ಏನು ಲಾಭ, ಉಳಿಯದಿದ್ದರೆ ಏನು ನಷ್ಟ? ಒಂದು ಉದಾಹರಣೆ ನೋಡಿ.

ಅಮರ ಚಿತ್ರ ಕಥೆ ಹುಟ್ಟಿದ್ದು 1967ರಲ್ಲಿ ಎಂದು ಸಾಮಾನ್ಯವಾಗಿ ಎಲ್ಲ ಕಡೆ ಬರೆಯುತ್ತಾರೆ. ಅನಂತ ಪೈಯವರು ದಿಲ್ಲಿಯಲ್ಲಿ ದೂರದರ್ಶನದ ಒಂದು ರಸಪ್ರಶ್ನೆ ಕಾರ್ಯಕ್ರಮವನ್ನು ನೋಡಿದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಿರಲಿಲ್ಲ. ಅದೇ ಈ ಮಾಲೆಗೆ ಪ್ರೇರಣೆ ಎನ್ನುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಈ ಮಾಲೆಯ ಹೆಸರಾಂತ ಮೊದಲ ಪುಸ್ತಕವಾದ ‘ಕೃಷ್ಣ’ದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಯಾವುವು? ಸಿಂಡರೆಲ್ಲಾ, ಸ್ನೋವೈಟ್, ಅಲ್ಲಾವುದ್ದೀನನ ದೀಪ ಮೊದಲಾದ ವಿದೇಶಿ ಕಥೆಗಳು. ಬೆಂಗಳೂರಿನಲ್ಲಿ ಪುಸ್ತಕ ವ್ಯಾಪಾರದಲ್ಲಿದ್ದ ಜಿ.ಕೆ. ಅನಂತರಾಮ್ ಅವರು, ಅಮರ ಚಿತ್ರ ಕಥೆ ಮೊದಲು ಹೊರಬಂದದ್ದು 1965ರಲ್ಲಿ, ಅದೂ ಕನ್ನಡದಲ್ಲಿ ಎಂದು ಹೇಳಿದ್ದಾರೆ. ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿದ್ದುದರಿಂದಲೇ ಇಂಗ್ಲಿಷಿನ ಎಣಿಕೆ ಹನ್ನೊಂದರಿಂದ ಶುರುವಾಯಿತು ಎಂಬುದು ಅವರ ಮಾತು.

ಇಡೀ ದೇಶದ ಮಕ್ಕಳು ಓದಿದ ಒಂದು ಪುಸ್ತಕಮಾಲೆ ಮೊದಲು ಮಾತಾಡಿದ್ದು ಕನ್ನಡವನ್ನೇ? ಇಂಥ ಪ್ರಶ್ನೆಗೆ ನೆನಪುಗಳಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಬೇಕಾದದ್ದು ಆಗ ಅಚ್ಚಾದ ಪುಸ್ತಕಗಳೇ: ಮುಖಪುಟ, ಒಳಪುಟದ ಪ್ರಕಾಶಕರ ವಿವರ, ಮುದ್ರಣಾಲಯದ ಹೆಸರು, ಬೆಲೆ. ಪ್ರಯೋಗಶಾಲೆಯಲ್ಲಿ ವೀಕ್ಷಣೆಗೆ ಇರುವ ಸ್ಥಾನವೇ ಇಲ್ಲಿ ಪುಸ್ತಕದ ಪ್ರತಿಗೆ ಇದೆ. ಯಾವುದೋ ಊರಿನ ಅಟ್ಟದಲ್ಲಿ ಅಂಥ ಹತ್ತು ಕನ್ನಡ ಪುಸ್ತಕಗಳ ಗಂಟು ಇದ್ದು, ಈ ರಜೆಯಲ್ಲಿ ಅದು ತಕ್ಕಡಿ ಏರಿದರೆ ಒಂದು ಸಾಕ್ಷ್ಯವೇ ಹೋದಂತೆ. ಇಂಗ್ಲಿಷ್ ಪ್ರತಿಗಳನ್ನು ಹುಡುಕಿ ಇಟ್ಟುಕೊಳ್ಳುವವರು ದೇಶದ ತುಂಬ ಇದ್ದಾರೆ. ಕನ್ನಡದ ಪ್ರತಿಗಳನ್ನು ಕನ್ನಡಿಗರಲ್ಲದೆ ಬೇರೆ ಯಾರು ಉಳಿಸಬೇಕು?

ಹಣ ಮಾಡುವ ದಾರಿಯೆ?

ಈ ಹವ್ಯಾಸದ ಮಾತು ಬಂದೊಡನೆ ‘ಹಳೆಯ ಕಾಮಿಕ್ಸ್ ಕೋಟಿಗಟ್ಟಲೆಗೆ ಹೋಗುತ್ತವಂತೆ’ ಎನ್ನುವವರಿದ್ದಾರೆ. ನಿಜ, ಕೆಲವು ಹೋಗಿವೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಅಮೆರಿಕದ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಬೆಲೆ 1938ರಲ್ಲಿ 10 ಸೆಂಟ್. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಕಾರಣ ಸರಳ. ಅಂದಿನ ಮಕ್ಕಳು ಅದನ್ನು ಓದಿ ಹರಿದರು, ಮನೆಯವರು ಎಸೆದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಸಂಗ್ರಹಿಸುವ ಅಭಿಯಾನಗಳಿಗೂ ಕಾಮಿಕ್ಸ್ ಹೋದವು. ಉಳಿದ ಪ್ರತಿಗಳು ಬಹಳ ಕಡಿಮೆ.

ಇದಕ್ಕೆ ವಿರುದ್ಧವಾದ ಕಥೆಯನ್ನೂ ಕೇಳಿ. ಹಳೆಯ ಕಾಮಿಕ್ಸ್‌ಗೆ ಬೆಲೆ ಬರುವುದನ್ನು ಕಂಡ ಅಮೆರಿಕದ ಜನ 1990ರ ಸುಮಾರಿಗೆ ಹೊಸ ಕಾಮಿಕ್ಸ್‌ಗಳನ್ನು ಐದು ಹತ್ತು ಪ್ರತಿಗಳಂತೆ ಕೊಂಡು, ಮುಟ್ಟದೆ ಡಬ್ಬಿಯಲ್ಲಿಟ್ಟರು. 1991ರಲ್ಲಿ ಬಂದ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಎಲ್ಲರೂ ಜೋಪಾನ ಮಾಡಿದ್ದರಿಂದ ಅದು ಇಂದಿಗೂ ಹೇರಳವಾಗಿದೆ. ಅದರ ಸಾಮಾನ್ಯ ಪ್ರತಿಗೆ ಹೇಳಿಕೊಳ್ಳುವ ಬೆಲೆಯಿಲ್ಲ. ಆ ಅಬ್ಬರ ಇಳಿದ ಮೇಲೆ ಅದರ ಪ್ರಕಾಶಕರಾದ ಮಾರ್ವೆಲ್ ಸಂಸ್ಥೆಯೇ 1996ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಎಲ್ಲರ ಬಳಿಯೂ ಇರುವ ವಸ್ತು ಎಷ್ಟು ಹಳತಾದರೂ ಅಪರೂಪವಾಗುವುದಿಲ್ಲ. ಆದ್ದರಿಂದ ಲಾಭದ ಆಸೆಯಿಂದ ಇದಕ್ಕೆ ಕೈ ಹಾಕುವುದು ಬೇಡ. ಮಾರುವ ಯೋಚನೆಯೇ ಇಲ್ಲದೆ, ಇಷ್ಟಪಟ್ಟು, ಕೈಲಾದಷ್ಟೇ ಖರ್ಚಿನಲ್ಲಿ ಮಾಡಬೇಕಾದ ಕೆಲಸವಿದು.

ಮೊದಲ ಹೆಜ್ಜೆಗಳು

ಸಿಕ್ಕಿದ್ದನ್ನೆಲ್ಲ ತಂದು ಗುಡ್ಡೆ ಹಾಕಿದರೆ ಅದು ಸಂಗ್ರಹವಾಗುವುದಿಲ್ಲ. ಮೊದಲು ಒಂದು ಎಲ್ಲೆ ಹಾಕಿಕೊಳ್ಳಿ. ಕನ್ನಡದ ಅಮರ ಚಿತ್ರ ಕಥೆ ಮಾತ್ರ, ಅಥವಾ ಬಹಾದ್ದೂರ್ ಕಥೆಗಳು ಮಾತ್ರ, ಅಥವಾ ವಿಜ್ಞಾನಿಗಳನ್ನು ಕುರಿತ ಚಿತ್ರಕಥೆಗಳು ಮಾತ್ರ, ಹೀಗೆ. ಎಲ್ಲೆ ಸಣ್ಣದಿದ್ದಷ್ಟೂ ಅದರ ಬಗ್ಗೆ ನಿಮ್ಮ ತಿಳಿವಳಿಕೆ ಆಳವಾಗುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ.

ಹುಡುಕಾಟ ಮನೆಯಿಂದಲೇ ಆರಂಭವಾಗಲಿ. ಅಟ್ಟ, ಹಳೆಯ ಟ್ರಂಕು, ಅಜ್ಜನ ಮನೆಯ ಬೀರು ಇವನ್ನು ನೋಡಿ. ನೆಂಟರಿಷ್ಟರನ್ನು ಕೇಳಿ. ‘ನಿಮ್ಮ ಹತ್ತಿರ ಇದೆಯಾ ಮಾವ?’ ಎಂಬ ಒಂದು ಪ್ರಶ್ನೆಗೆ ಪುಸ್ತಕದ ಜೊತೆಗೆ ಅದನ್ನು ಕೊಂಡ ದಿನದ ಕಥೆಯೂ ಸಿಗುತ್ತದೆ. ಅನಂತರ ಊರಿನ ರದ್ದಿ ಅಂಗಡಿ. ಅಂಗಡಿಯವರಿಗೆ ಒಮ್ಮೆ ಹೇಳಿಟ್ಟರೆ ಚಿತ್ರಕಥೆ ಬಂದಾಗ ತೆಗೆದಿಡುತ್ತಾರೆ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲು, ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಗಳು ಗೊತ್ತೇ ಇವೆ. ಈಗ ಮೊಬೈಲಿನಲ್ಲಿಯೂ ಕೊಡುವವರು ಕೊಳ್ಳುವವರು ಇದ್ದಾರೆ. ಆದರೆ ಅಪರಿಚಿತರೊಡನೆ ಹಣದ ವ್ಯವಹಾರವನ್ನು ಮಕ್ಕಳು ತಾವೇ ಮಾಡಬಾರದು, ದೊಡ್ಡವರು ಪಕ್ಕದಲ್ಲಿರಬೇಕು.

ಮೂರನೆಯದು ರಿಜಿಸ್ಟರ್. ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ಪ್ರತಿ ಪುಸ್ತಕಕ್ಕೂ ಒಂದು ಸಾಲು: ಕ್ರಮಸಂಖ್ಯೆ, ಹೆಸರು, ಭಾಷೆ, ಮಾಲೆಯಲ್ಲಿ ಅದರ ಸಂಖ್ಯೆ, ಪ್ರಕಾಶಕರು, ತಿಂಗಳು ಮತ್ತು ವರ್ಷ, ಅಚ್ಚಾದ ಬೆಲೆ, ಪುಟಗಳು, ಪುಸ್ತಕದ ಸ್ಥಿತಿ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ, ಯಾವ ದಿನ. ಈ ರಿಜಿಸ್ಟರ್ ಇಲ್ಲದ ನೂರು ಪುಸ್ತಕಗಳಿಗಿಂತ ರಿಜಿಸ್ಟರ್ ಇರುವ ಹತ್ತು ಪುಸ್ತಕಗಳಿಗೆ ಹೆಚ್ಚು ಅರ್ಥವಿದೆ.

ಬಿಟ್ಟುಹೋದ ಸಂಖ್ಯೆಗಳ ಪಟ್ಟಿಯೂ ಇರಲಿ. ಆದರೆ ಒಂದು ಎಚ್ಚರ! ಇಂದ್ರಜಾಲ ಮಾಲೆಯಲ್ಲಿ 123 ಮತ್ತು 124ನೇ ಸಂಖ್ಯೆಗಳು ಎಂದೂ ಅಚ್ಚಾಗಲೇ ಇಲ್ಲ. ಆಗ ಮುದ್ರಣ ಸಂಸ್ಥೆಯಲ್ಲಿ ಮುಷ್ಕರವಿತ್ತು. ಇದು ಗೊತ್ತಿಲ್ಲದವರು ಆ ಎರಡು ಸಂಚಿಕೆಗಳಿಗಾಗಿ ಜೀವನವಿಡೀ ಹುಡುಕಬೇಕಾದೀತು.

ಪತ್ತೇದಾರನ ಕಣ್ಣು

ಎಷ್ಟೋ ಹಳೆಯ ಚಿತ್ರಕಥೆಗಳಲ್ಲಿ ಅಚ್ಚಾದ ವರ್ಷ ಇರುವುದಿಲ್ಲ, ಇಲ್ಲವೆ ಆ ಪುಟವೇ ಹರಿದುಹೋಗಿರುತ್ತದೆ. ಆಗ ವರ್ಷವನ್ನು ಪತ್ತೆ ಮಾಡುವುದು ಹೇಗೆ? ಪುಸ್ತಕದಲ್ಲಿಯೇ ಸುಳಿವುಗಳಿರುತ್ತವೆ.

ಬೆಲೆ ‘ನಯೇ ಪೈಸೆ’ ಎಂದಿದ್ದರೆ ಅದು 1957 ಮತ್ತು 1964ರ ನಡುವಿನದು ಎನ್ನಬಹುದು. 1964ರ ಜೂನ್‌ನಿಂದ ‘ನಯೇ’ ಎಂಬ ಮಾತು ಬಿಟ್ಟುಹೋಗಿ ಬರಿಯ ‘ಪೈಸೆ’ ಉಳಿಯಿತು. ವಿಳಾಸದಲ್ಲಿ ಆರು ಅಂಕಿಗಳ ಪಿನ್ ಕೋಡ್ ಇದ್ದರೆ ಪುಸ್ತಕ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ; ಆ ದಿನವೇ ಪಿನ್ ಕೋಡ್ ಜಾರಿಗೆ ಬಂದದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಬಹುಮಟ್ಟಿಗೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಇಂಗ್ಲಿಷ್ ಪುಸ್ತಕದಲ್ಲಿ ‘ಬಾಂಬೆ’ ಎಂದಿದ್ದರೆ ಸಾಮಾನ್ಯವಾಗಿ 1995ಕ್ಕಿಂತ ಮೊದಲಿನದು, ‘ಮದ್ರಾಸ್’ ಎಂದಿದ್ದರೆ 1996ಕ್ಕಿಂತ ಮೊದಲಿನದು. ಹಿಂಬದಿಯ ಜಾಹೀರಾತುಗಳೂ ಸುಳಿವು ಕೊಡುತ್ತವೆ. ಇಂಥ ಎರಡು ಮೂರು ಸುಳಿವುಗಳನ್ನು ಕೂಡಿಸಿದರೆ ವರ್ಷದ ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಸಿಗುತ್ತವೆ. ಗಣಿತದಲ್ಲಿ ಅಸಮಾನತೆಗಳನ್ನು ಬಿಡಿಸುವ ರೀತಿಯೇ ಇದು.

ಮೊದಲ ಮುದ್ರಣವೋ ಮರುಮುದ್ರಣವೋ ಎಂಬುದನ್ನೂ ನೋಡಬೇಕು. ಅಮರ ಚಿತ್ರ ಕಥೆಯ ಮೊದಮೊದಲ ಭಾರತೀಯ ಕಥೆಗಳಲ್ಲಿ ಹಳದಿ, ನೀಲಿ, ಹಸಿರು ಬಣ್ಣಗಳಷ್ಟೇ ಇದ್ದವು. ಪೂರ್ಣ ವರ್ಣ ಬಂದದ್ದು ಆಮೇಲೆ. ಇನ್ನೊಂದು ಸ್ವಾರಸ್ಯ: ಫ್ಯಾಂಟಮ್ ವಾಸಿಸುವ ನಾಡಿನ ಮೂಲ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಇಂದ್ರಜಾಲದವರು ಅದನ್ನು ‘ಡೆಂಕಾಲಿ’ ಎಂದು ಬದಲಾಯಿಸಿದರು. ಒಂದೇ ಕಥೆಯ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಇಂಥ ಎಷ್ಟೋ ವ್ಯತ್ಯಾಸಗಳು ಕಾಣುತ್ತವೆ.

ಶಾಲೆಯ ಭೂತಗನ್ನಡಿ ಹಿಡಿದು ಬಣ್ಣದ ಚಿತ್ರವೊಂದನ್ನು ನೋಡಿ. ಹಸಿರೆಂದು ಕಂಡದ್ದು ನೀಲಿ ಮತ್ತು ಹಳದಿ ಚುಕ್ಕೆಗಳ ಗುಂಪು! ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳ ಚುಕ್ಕೆಗಳಿಂದ ಎಲ್ಲ ಬಣ್ಣಗಳೂ ಹುಟ್ಟುತ್ತವೆ. ಹಳೆಯ ಪುಸ್ತಕದ ಚುಕ್ಕೆಗಳು ದಪ್ಪ, ಹೊಸದರವು ಸಣ್ಣವು. ಜೆರಾಕ್ಸ್ ಅಥವಾ ಕಂಪ್ಯೂಟರ್ ಪ್ರಿಂಟರಿನಿಂದ ತೆಗೆದ ನಕಲು ಕನ್ನಡಿಯ ಕೆಳಗೆ ಬೇರೆಯೇ ರೀತಿ ಕಾಣುತ್ತದೆ. ಹಳೆಯದೆಂದು ಹೇಳಿ ನಕಲು ಮಾರುವವರಿಂದ ಪಾರಾಗಲು ಇದೊಂದು ಉಪಾಯ.

ಕೊಳ್ಳುವ ಮುನ್ನ ಪುಟಗಳನ್ನು ಎಣಿಸಿ. ನಡುವಿನ ಹಾಳೆ ಪಿನ್ನಿನಿಂದ ಕಳಚಿ ಹೋಗಿರುವುದು ಬಹಳ ಸಾಮಾನ್ಯ. ಪದಬಂಧ ತುಂಬಿದೆಯೆ, ಕೂಪನ್ ಕತ್ತರಿಸಿದೆಯೆ ನೋಡಿ ಬರೆದುಕೊಳ್ಳಿ. ಹಿಂದಿನ ಹುಡುಗನೋ ಹುಡುಗಿಯೋ ಬರೆದ ಹೆಸರು, ಬಾಡಿಗೆ ಲೈಬ್ರರಿಯ ಮೊಹರು ಇದ್ದರೆ ಅಳಿಸಬೇಡಿ. ಅದು ಪುಸ್ತಕ ನಡೆದು ಬಂದ ದಾರಿಯ ಗುರುತು.

ಹಾಳೆ ಏಕೆ ಹಳದಿಯಾಗುತ್ತದೆ?

ಇನ್ನು ನಮ್ಮ ವಿಜ್ಞಾನ. ತಾಳೆಗರಿಯ ಗ್ರಂಥಗಳು, ಬಟ್ಟೆ ಚಿಂದಿಯಿಂದ ಮಾಡಿದ ಕಾಗದಗಳು ನೂರಾರು ವರ್ಷ ಬಾಳಿವೆ. ಐವತ್ತು ವರ್ಷದ ಚಿತ್ರಕಥೆ ಮಾತ್ರ ಕೈಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಏಕೆ?

ಕಾಗದದ ಜೀವಾಳ ಸೆಲ್ಯುಲೋಸ್. ಗ್ಲೂಕೋಸ್ ಅಣುಗಳು ಸಾವಿರಗಟ್ಟಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ ಅದು. ಮರದಲ್ಲಿ ಈ ಎಳೆಗಳನ್ನು ಹಿಡಿದಿಡುವ ಅಂಟಿನಂಥ ವಸ್ತುವೇ ಲಿಗ್ನಿನ್. ದುಬಾರಿ ಕಾಗದ ಮಾಡುವಾಗ ರಾಸಾಯನಿಕಗಳಿಂದ ಲಿಗ್ನಿನನ್ನು ತೆಗೆದುಹಾಕುತ್ತಾರೆ. ಪತ್ರಿಕೆಗಳಿಗೆ, ಅಗ್ಗದ ಪುಸ್ತಕಗಳಿಗೆ ಬಳಸುವ ಕಾಗದವನ್ನು ಮರವನ್ನು ಹಾಗೆಯೇ ಅರೆದು ಮಾಡುವುದರಿಂದ ಲಿಗ್ನಿನ್ ಉಳಿದುಬಿಡುತ್ತದೆ. ಬೆಳಕು ಮತ್ತು ಗಾಳಿಯ ಆಮ್ಲಜನಕ ತಾಗಿದಾಗ ಈ ಲಿಗ್ನಿನ್ ಬದಲಾಗಿ ಹಳದಿ, ಕಂದು ಬಣ್ಣ ತಾಳುತ್ತದೆ. ಹಳೆಯ ಪುಸ್ತಕದ ಆ ನವಿರಾದ ಸಿಹಿ ವಾಸನೆಯಲ್ಲಿಯೂ ಲಿಗ್ನಿನ್ ಒಡೆದು ಬಂದ ಅನಿಲಗಳ ಪಾಲಿದೆ.

ಬಣ್ಣ ಕೆಡುವುದು ಒಂದಾದರೆ ಹಾಳೆ ಮುರಿಯುವುದು ಇನ್ನೊಂದು. ಶಾಯಿ ಹರಡದಂತೆ ಕಾಗದಕ್ಕೆ ಪಟಿಕದ ಜಾತಿಯ ಲವಣವನ್ನು ಸೇರಿಸುವ ಪದ್ಧತಿಯಿತ್ತು. ತೇವಾಂಶದೊಡನೆ ಅದು ಆಮ್ಲವನ್ನು ಉಂಟುಮಾಡುತ್ತದೆ. ಆ ಆಮ್ಲ ಸೆಲ್ಯುಲೋಸ್ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಉದ್ದನೆಯ ಸರಪಳಿ ತುಂಡುತುಂಡಾದಾಗ ಹಾಳೆ ಬಾಗುವ ಬದಲು ಮುರಿಯುತ್ತದೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆಯ ವೇಗ ಹೆಚ್ಚು. ಬೇಸಿಗೆಯಲ್ಲಿ ಕಾದ ಹೆಂಚಿನ ಕೆಳಗಿನ ಅಟ್ಟಕ್ಕಿಂತ ಪುಸ್ತಕಕ್ಕೆ ಕೆಟ್ಟ ಜಾಗವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆ? ಇಂದಿನ ದಿನಪತ್ರಿಕೆಯ ಅಚ್ಚಿಲ್ಲದ ಅಂಚಿನ ಮೇಲೆ ಒಂದು ನಾಣ್ಯವಿಟ್ಟು, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ವಾರ ಬಿಡಿ. ಪಕ್ಕದಲ್ಲಿ ಒಳ್ಳೆಯ ಬಿಳಿ ಹಾಳೆಯೊಂದನ್ನು ಹಾಗೆಯೇ ಇಡಿ. ವಾರದ ಬಳಿಕ ನಾಣ್ಯ ತೆಗೆದರೆ ಪತ್ರಿಕೆಯ ಮೇಲೆ ಬಿಳಿಯ ವೃತ್ತವೊಂದು ಕಾಣುತ್ತದೆ, ಸುತ್ತ ಹಳದಿ. ಬಿಳಿ ಹಾಳೆಯಲ್ಲಿ ಅಷ್ಟು ವ್ಯತ್ಯಾಸ ಕಾಣದು.

ಉಳಿಸುವ ಬಗೆ

ಕಾಗದದೊಳಗಿನ ಆಮ್ಲವನ್ನು ಮನೆಯಲ್ಲಿ ತೆಗೆಯಲಾಗದು. ಅದರ ಕೆಲಸವನ್ನು ನಿಧಾನಗೊಳಿಸಬಹುದು. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಪುಸ್ತಕಗಳು ಬಿಸಿಲು ಬೀಳದ, ತಂಪಾದ, ಒಣಗಿದ ಜಾಗದಲ್ಲಿರಲಿ. ಗೋಡೆಗೆ ತಾಗಿಸಬೇಡಿ, ನೆಲದ ಮೇಲಿಡಬೇಡಿ. ತೇವ, ಗೆದ್ದಲು ಎರಡೂ ಬರುವ ದಾರಿ ಅದೇ. ಹತ್ತು ಹದಿನೈದನ್ನು ಮಾತ್ರ ಒಂದರ ಮೇಲೊಂದು ಮಟ್ಟಸವಾಗಿ ಇಡಿ. ಗಾಳಿಯ ತೇವಾಂಶ ಶೇ. 40ರಿಂದ 50 ಇದ್ದರೆ ಒಳ್ಳೆಯದು, ಶೇ. 65 ಮೀರಿದರೆ ಬೂಷ್ಟು ಹಿಡಿಯುವ ಭಯ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಈ ಮಿತಿ ದಿನವೂ ಮೀರುತ್ತದೆ. ಅಲ್ಲಿಯವರು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಪುಸ್ತಕದ ಜೊತೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಬೇಕು. ಹೊಸ ಶೂ, ಬ್ಯಾಗುಗಳ ಜೊತೆ ಬರುವ ಪೊಟ್ಟಣಗಳೇ ಅವು. ಚಿಕ್ಕ ಮಕ್ಕಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಪ್ರತಿ ಪುಸ್ತಕವನ್ನೂ ತೆರೆದು ನೋಡುವುದೇ ಹುಳುಗಳಿಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು. ಅಂಟು, ಗಂಜಿಯ ಆಸೆಗೆ ಬರುವ ಬೆಳ್ಳಿ ಬಣ್ಣದ ಹುಳುಗಳಿಗೆ ಕತ್ತಲೆ ಮತ್ತು ನೆಮ್ಮದಿ ಬೇಕು. ಮಕ್ಕಳು ಮಲಗುವ ಕೋಣೆಯಲ್ಲಿ ನ್ಯಾಫ್ತಲೀನ್ ಗುಳಿಗೆ ಬೇಡ. ಅದರ ಆವಿ ಒಳ್ಳೆಯದಲ್ಲ.

ಪಠ್ಯಪುಸ್ತಕಕ್ಕೆ ಹಾಕುವಂತೆ ಖಾಕಿ ಕಾಗದದ ಬೈಂಡ್ ಹಾಕಬೇಡಿ. ಆ ಕಾಗದದ ಆಮ್ಲವೂ ಪುಸ್ತಕಕ್ಕೆ ಇಳಿಯುತ್ತದೆ. ಹಳೆ ಪೇಪರಿನಲ್ಲಿ ಸುತ್ತಿಡುವುದಕ್ಕೂ ಅದೇ ಮಾತು. ಹರಿದ ಜಾಗಕ್ಕೆ ಸೆಲ್ಲೋಟೇಪ್ ಹಚ್ಚಲೇಬಾರದು. ಕೆಲವೇ ವರ್ಷದಲ್ಲಿ ಟೇಪ್ ಉದುರಿ, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ. ಹರಿದದ್ದು ಹರಿದಂತೆಯೇ ಇರಲಿ.

ಪ್ಲಾಸ್ಟಿಕ್ ಕವರ್ ಹಾಕಬಹುದು, ಆದರೆ ಎಲ್ಲ ಪ್ಲಾಸ್ಟಿಕ್ಕೂ ಆಗದು. ಪಿ.ವಿ.ಸಿ. ಕವರಿನಿಂದ ಕಾಲಕ್ರಮದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅಂಶ ಹೊರಬರುತ್ತದೆ; ಅದನ್ನು ಮೆತ್ತಗಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತುವೂ ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ಹೊಸ ಅಂಗಿ, ಸೀರೆಗಳನ್ನು ಹಾಕಿಕೊಡುವ ಸರಪರ ಸದ್ದು ಮಾಡುವ ಪಾಲಿಪ್ರೊಪಿಲೀನ್ ಕವರ್ ವಾಸಿ. ಎರಡರ ಭೇದ ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಕವರಿನ ಸಣ್ಣ ಚೂರೊಂದನ್ನು ಕತ್ತರಿಸಿ, ಒಂದು ಹನಿ ಸೋಪಿನ ನೀರು ಬೆರೆಸಿದ ಲೋಟದಲ್ಲಿ, ಗುಳ್ಳೆ ಉಳಿಯದಂತೆ ಪೂರ್ತಿ ಮುಳುಗಿಸಿ ಕೈಬಿಡಿ. ಪಾಲಿಪ್ರೊಪಿಲೀನ್ ಸಾಂದ್ರತೆ ಸುಮಾರು 0.9, ಆದ್ದರಿಂದ ಮೇಲೆ ತೇಲಿ ಬರುತ್ತದೆ. ಪಿ.ವಿ.ಸಿ. ಸಾಂದ್ರತೆ 1ಕ್ಕಿಂತ ಹೆಚ್ಚು, ಅದು ಮುಳುಗುತ್ತದೆ. ಪಾಲಿಯೆಸ್ಟರ್ ಹಾಳೆಯೂ ಮುಳುಗುತ್ತದೆ, ಅದರಿಂದ ಪುಸ್ತಕಕ್ಕೆ ತೊಂದರೆಯೇನಿಲ್ಲ. ಆದರೆ ಗುರುತಿಸಲು ಬಾರದಿದ್ದರೆ ತೇಲುವುದನ್ನೇ ಆರಿಸಿಕೊಳ್ಳುವುದು ಜಾಣತನ. ಒಂಬತ್ತನೆಯ ತರಗತಿಯಲ್ಲಿ ಓದಿದ ಆರ್ಕಿಮಿಡೀಸ್ ತತ್ತ್ವ ಇಷ್ಟು ಬೇಗ ಉಪಯೋಗಕ್ಕೆ ಬರುತ್ತದೆಂದು ಯಾರು ತಿಳಿದಿದ್ದರು!

ತಂದೆತಾಯಿಯರಿಗೆ ಎರಡು ಮಾತು

‘ಓದುವ ಹೊತ್ತಿನಲ್ಲಿ ಚಿತ್ರಕಥೆಯೆ?’ ಎಂಬ ಆಕ್ಷೇಪ ಇಂದಿನದಲ್ಲ. ಆದರೆ ಈ ಹವ್ಯಾಸದಲ್ಲಿ ಮಗು ಏನೇನು ಮಾಡುತ್ತದೆ ನೋಡಿ. ಪಟ್ಟಿ ಬರೆಯುತ್ತದೆ, ಕಾಲವನ್ನು ಲೆಕ್ಕ ಹಾಕುತ್ತದೆ, ಎರಡು ಪ್ರತಿಗಳನ್ನು ಹೋಲಿಸುತ್ತದೆ, ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಬೇಕು ಬೇಡ ನಿರ್ಧರಿಸುತ್ತದೆ, ಅಜ್ಜನ ಬಳಿ ಕುಳಿತು ಪ್ರಶ್ನೆ ಕೇಳುತ್ತದೆ. ಶಾಲೆಯಲ್ಲಿ ನಾವು ಕಲಿಸಲು ಹೆಣಗುವುದೂ ಇವನ್ನೇ. ಕನ್ನಡ ಓದಲು ತಡವರಿಸುವ ಮಕ್ಕಳಿಗೆ ಚಿತ್ರದ ಆಸರೆಯಿರುವ ಕನ್ನಡ ಪುಸ್ತಕ ಒಳ್ಳೆಯ ಊರುಗೋಲು.

ತಿಂಗಳಿಗೆ ಇಷ್ಟೇ ಎಂದು ಖರ್ಚಿಗೆ ಮಿತಿ ಹಾಕಿ. ರಿಜಿಸ್ಟರನ್ನು ಆಗಾಗ ತೋರಿಸಲು ಹೇಳಿ. ಮನೆ ಬದಲಾಯಿಸುವಾಗ, ಹಬ್ಬಕ್ಕೆ ಸುಣ್ಣ ಬಣ್ಣ ಮಾಡಿಸುವಾಗ ಮಗುವಿನ ಡಬ್ಬಿಯನ್ನು ಕೇಳದೆ ವಿಲೇವಾರಿ ಮಾಡಬೇಡಿ. ದೊಡ್ಡವರ ದೃಷ್ಟಿಯಲ್ಲಿ ಅದು ಅರ್ಧ ಕಿಲೋ ರದ್ದಿ ಇರಬಹುದು. ಮಗುವಿಗೆ ಅದು ಒಂದು ವರ್ಷದ ದುಡಿಮೆ. ಕನ್ನಡಕ್ಕೆ ಬೇರೆಲ್ಲೂ ಸಿಗದ ಪ್ರತಿಯೂ ಆಗಿರಬಹುದು. ನಿಮ್ಮ ಬಾಲ್ಯದ ಪುಸ್ತಕಗಳಿದ್ದರೆ ಮಗುವಿನ ಕೈಗೆ ಕೊಡಿ, ಮೊದಲ ಸಾಲನ್ನು ನೀವೇ ಬರೆದುಕೊಡಿ.

ಎರಡೆರಡು ಪ್ರತಿಗಳಿದ್ದರೆ ಗೆಳೆಯರೊಡನೆ ಬದಲಾಯಿಸಿಕೊಳ್ಳಲಿ. ತೀರ ಮುರಿಯುವ ಸ್ಥಿತಿಯ ಪುಸ್ತಕದ ಪುಟಗಳನ್ನು ನೆರಳಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದಿಟ್ಟುಕೊಂಡರೆ ಮತ್ತೆ ಮತ್ತೆ ಮುಟ್ಟುವುದು ತಪ್ಪುತ್ತದೆ. ಆ ಚಿತ್ರಗಳು ನಿಮ್ಮ ಬಳಿಯೇ ಇರಲಿ. ಕೃತಿಸ್ವಾಮ್ಯ ಇರುವ ಪುಸ್ತಕವನ್ನು ಊರಿಗೆಲ್ಲ ಹಂಚುವುದು ಕಾನೂನಿಗೆ ಒಪ್ಪುವುದಿಲ್ಲ.

ಈ ವಾರದ ಕೆಲಸ ಇಷ್ಟು: ಮನೆಯಲ್ಲಿರುವ ಅತ್ಯಂತ ಹಳೆಯ ಚಿತ್ರಕಥೆ ಯಾವುದೆಂದು ಹುಡುಕಿ. ಅದರ ಬೆಲೆ, ವಿಳಾಸ, ಜಾಹೀರಾತು ನೋಡಿ ವರ್ಷವನ್ನು ಊಹಿಸಿ. ಅನಂತರ ಅದನ್ನು ಓದಿದವರನ್ನು ಕೇಳಿ ನಿಮ್ಮ ಊಹೆಯನ್ನು ತಾಳೆ ನೋಡಿ. ಅದು ಕನ್ನಡದ ಪುಸ್ತಕವಾಗಿದ್ದು, ವಿಳಾಸದಲ್ಲಿ ಪಿನ್ ಕೋಡ್ ಇಲ್ಲದಿದ್ದರೆ ಇನ್ನೊಮ್ಮೆ ಗಮನವಿಟ್ಟು ನೋಡಿ.